ಕುತ್ತಿಗೆಯ ಮೇಲಿನ ಖಾತೆ

"ಟೋಪಿ ಅಂದ್ರೆ ಏನೇ? ತಲೆಗೆ ಹಾಕೋ ಅಂಗಿ! ತೋಳಿಲ್ಲ, ಜೇಬಿಲ್ಲ, ಗುಂಡಿ ಇಲ್ಲ, ಕಾಜಾ ಇಲ್ಲ. ಇದಕ್ಕಿಂತ ಸುಲಭದ ಉಡುಪನ್ನ ಮನುಷ್ಯ ಇನ್ನೂ ಕಂಡುಹಿಡಿದೇ ಇಲ್ಲ!"

ಶನಿವಾರ ಬೆಳಿಗ್ಗೆ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಹೀಗೆಂದು ಘೋಷಿಸಿದವನು ಗುಂಡಿ. ಕೇಳಿಸಿಕೊಂಡವಳು ಅವನ ಹೆಂಡತಿ. ಕೆಳಗೆ ಅಂಗಡಿ, ಮೇಲೆ ಮನೆ. ನಡುವಿನ ಮರದ ಮೆಟ್ಟಿಲು ಈ ದಂಪತಿಗಳ ಎಲ್ಲ ಯುದ್ಧಗಳ ಗಡಿರೇಖೆ. ಆಕೆ ಆ ಗಡಿಯ ಮೇಲೇ ನಿಂತಿದ್ದಳು.

"ತಲೆಗೆ ಹಾಕೋದು ಅಂತ ನೀವೇ ಹೇಳಿದ್ರಲ್ಲ, ಅದೇ ನನ್ನ ಭಯ. ನಿಮಗೂ ತಲೆಗೂ ಮೊದಲಿಂದ ಅಷ್ಟಕ್ಕಷ್ಟೇ."

"ಇಷ್ಟು ವರ್ಷ ರಾಜರಿಗೆ, ಮಂತ್ರಿಗಳಿಗೆ, ರಾಕ್ಷಸರಿಗೆ ಬಟ್ಟೆ ತೊಡಿಸಿದ ಕೈ ಇದು!"

"ಕುತ್ತಿಗೆವರೆಗೆ," ಎಂದಳು ಹೆಂಡತಿ.

ಆ ಒಂದು ಮಾತಿನಲ್ಲಿ ಇಡೀ ಅಂಗಡಿಯ ಚರಿತ್ರೆ ಇತ್ತು.

ಅದು ನಾಟಕದ ಉಡುಪು ಬಾಡಿಗೆಗೆ ಕೊಡುವ ಅಂಗಡಿ. ಗುಂಡಿಯೂ ಅವನ ಗೆಳೆಯನೂ ಸೇರಿ ಕಟ್ಟಿದ್ದು. ತೆರೆದ ಮೊದಲ ವಾರವೇ ಒಬ್ಬ ರಾಜನ ವೇಷಕ್ಕೆ ಯಾರು ಏನು ಹುಡುಕಬೇಕೆಂದು ಜಗಳವಾಗಿ, ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಕುತ್ತಿಗೆಯಿಂದ ಮೇಲಿನದೆಲ್ಲ ಗೆಳೆಯನದು, ಕುತ್ತಿಗೆಯಿಂದ ಕೆಳಗಿನದೆಲ್ಲ ಇವನದು. ಕಿರೀಟ, ಪೇಟ, ಮುಂಡಾಸು, ಗೊಂಡೆ ತೂಗುವ ಕೆಂಪು ಟೋಪಿ, ತುಪ್ಪಳದ ಟೋಪಿ, ನ್ಯಾಯಾಧೀಶರ ಬಿಳಿ ಕೂದಲು, ಕೊನೆಗೆ ಕಿವಿಯ ಓಲೆಯವರೆಗೆ ಗೆಳೆಯನ ಖಾತೆ. ಅಂಗಿ, ಕವಚ, ಲಂಗ, ಷರಾಯಿ, ಚಪ್ಪಲಿ ಇವನ ಖಾತೆ. ಕೊರಳಹಾರ ಯಾರ ಪಾಲಿಗೆ ಎಂಬ ವಿವಾದ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಬೀದಿಯವರು ಗೆಳೆಯನಿಗೆ ಕಿರೀಟಿ ಎಂದು ಹೆಸರಿಟ್ಟರು, ಇವನಿಗೆ ಗುಂಡಿ ಎಂದು. ಹೆತ್ತವರಿಟ್ಟ ಹೆಸರುಗಳು ಅಂಗಡಿಯ ಪರವಾನಗಿಯ ಮೇಲೆ ಮಾತ್ರ ಉಳಿದವು.

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಅಂಗಡಿಯಲ್ಲೇ ಮಲಗಿದ ಕಿರೀಟಿ ಮತ್ತೆ ಏಳಲಿಲ್ಲ. ಅಂಗಡಿಗೆ ಕುತ್ತಿಗೆಯಿಂದ ಮೇಲೆ ಏನೂ ಇಲ್ಲದಂತಾಯಿತು.

ಗುಂಡಿ ಅಳಲಿಲ್ಲ. ಅಳುವುದು ಕಣ್ಣಿನ ಕೆಲಸ, ಕಣ್ಣು ಕಿರೀಟಿಯ ಖಾತೆ. ಇವನ ಖಾತೆಯಲ್ಲಿದ್ದದ್ದು ಎದೆ. ಅಲ್ಲಿ ಏನು ನಡೆಯುತ್ತಿತ್ತೋ ಅದು ಯಾರಿಗೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆಯುತ್ತಿದ್ದ, ಕವಚಗಳ ಧೂಳು ಹೊಡೆಯುತ್ತಿದ್ದ, ಟೋಪಿಗಳ ಕಪಾಟಿನ ಕಡೆ ತಿರುಗದೆ ಸಂಜೆ ಮಾಡುತ್ತಿದ್ದ. ಅವನು ತಿರುಗಿ ನೋಡದ ಇನ್ನೊಂದು ವಸ್ತು ಮೂಲೆಯಲ್ಲಿತ್ತು. ಝಾಲರಿ ಹೊದಿಕೆ ಹಾಕಿದ ಒಂದು ಸ್ಟೂಲು.

ಆ ಸ್ಟೂಲಿನ ಮೇಲೆ ಪ್ರತಿದಿನ ಬೆಳಿಗ್ಗೆ ಅವನಿಗೆ ರಾಜೋಪಚಾರ ನಡೆಯುತ್ತಿತ್ತು. ಇವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಕಿರೀಟಿ ಕೆಟಲ್‌ನಲ್ಲಿ ನೀರು ಕುದಿಸಿ ಟೀ ಮಾಡಿರುತ್ತಿದ್ದ. "ಬಾರೋ ಗುಂಡಿ, ಕೂತ್ಕೊ. ಟೀ ಮುಗಿಯೋವರೆಗೂ ಏಳಕೂಡದು, ಹೇಳಿದೀನಿ!" ಕೂತರೆ ಸ್ಟೂಲು ಬೆಚ್ಚಗಿರುತ್ತಿತ್ತು! ಚಳಿಗಾಲದಲ್ಲಂತೂ ಆ ಬಿಸುಪು ನೆಟ್ಟಗೆ ಎದೆಗೇ ಏರುತ್ತಿತ್ತು. ಗೆಳೆಯ ಕೂರುತ್ತಾನೆಂದು ಕೂರುವ ಜಾಗವನ್ನೂ ಬೆಚ್ಚಗೆ ಮಾಡಿಡುವ ಗೆಳೆಯ ಜಗತ್ತಿನಲ್ಲಿ ಇನ್ನೆಲ್ಲಿದ್ದಾನೆ? "ನೀನು ಒಂದು ದಿನವಾದ್ರೂ ಹೀಗೆ ಮಾಡಿದ್ದೀಯಾ?" ಎಂದು ಹೆಂಡತಿಯನ್ನು ಹಂಗಿಸುತ್ತಿದ್ದ. "ಬಾಣಲೆ ಬೆಚ್ಚಗಿದೆ, ಕೂತ್ಕೊಳ್ಳಿ," ಎನ್ನುತ್ತಿದ್ದಳು ಅವಳು.

ಕಿರೀಟಿ ಹೋದ ಮೇಲೆ ಒಮ್ಮೆ ಅದರ ಮೇಲೆ ಕೂತು ನೋಡಿದ್ದ. ತಣ್ಣಗಿತ್ತು. ತಟ್ಟನೆ ಎದ್ದುಬಿಟ್ಟಿದ್ದ.

ಹೀಗಿರುವಾಗ ಶುಕ್ರವಾರ ಸಂಜೆ ಎರಡು ಫೋನು ಬಂದವು. ಮೊದಲನೆಯದು ಒಂದು ವಿಮಾ ಕಚೇರಿಯ ಮ್ಯಾನೇಜರರದು. ಅವರ ಸಿಬ್ಬಂದಿಯ ವಾರ್ಷಿಕೋತ್ಸವಕ್ಕೆ ಕೌಬಾಯ್ ನಾಟಕ. ಟೋಪಿಗಳನ್ನು ಕಿರೀಟಿಗೆ ಮೊದಲೇ ಹೇಳಿಟ್ಟಿದ್ದರು. ನಾಳೆ ಸಂಜೆ ಪ್ರದರ್ಶನ, ಮಧ್ಯಾಹ್ನ ಬರುತ್ತೇವೆ ಎಂದರು. ಎರಡನೆಯದು ಕಿರೀಟಿಯ ಹೆಂಡತಿಯದು.

"ಗುಂಡಿಯಣ್ಣ, ಅವರ ಟೋಪಿ ಅಲ್ಲೇ ಗೂಟದ ಮೇಲಿದೆ ಅಲ್ವಾ? ನಾಳೆ ಬಂದು ತಗೊಂಡು ಹೋಗ್ತೀನಿ. ಮನೇಲಿ ಬಾಗಿಲ ಪಕ್ಕದ ಗೂಟ ಖಾಲಿ ಇದೆ. ನೋಡಕ್ಕಾಗ್ತಿಲ್ಲ."

"ಇದೆ ಅತ್ತಿಗೆ. ನಾನು ಮುಟ್ಟೇ ಇಲ್ಲ," ಎಂದ ಗುಂಡಿ. ಆ ಕ್ಷಣಕ್ಕೆ ಅದು ನಿಜವೂ ಆಗಿತ್ತು.

ಕಿರೀಟಿಯ ಸ್ವಂತ ಟೋಪಿಯೂ ಕೌಬಾಯ್ ಟೋಪಿಯೇ. ಅಗಲ ಅಂಚಿನ, ಮಣ್ಣಿನ ಬಣ್ಣದ, ಉಣ್ಣೆಯನ್ನು ಒತ್ತಿ ಮಾಡಿದ ಟೋಪಿ. ಅವನು ಹಸುವನ್ನು ಹಾಲಿನ ಪೊಟ್ಟಣದ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಹತ್ತಿರದಿಂದ ನೋಡಿದವನಲ್ಲ, ಕುದುರೆಯ ಮಾತಂತೂ ಬೇಡ. ಆದರೂ ಆ ಟೋಪಿ ಇಲ್ಲದೆ ಬೀದಿಗಿಳಿದವನಲ್ಲ. ಅದರ ನೆತ್ತಿಯ ಮೇಲೊಂದು ವಿಶೇಷವಿತ್ತು. ಅಕ್ಕಪಕ್ಕ ಎರಡು ತಗ್ಗು, ನಡುವೆ ಒಂದು ಏಣು. ಅಂಗಡಿಯ ಎಲ್ಲ ಕೌಬಾಯ್ ಟೋಪಿಗಳಿಗೂ ಅದೇ ಗುರುತು. ಬೇರೆ ಯಾವ ಅಂಗಡಿಯ ಟೋಪಿಯಲ್ಲೂ ಅದು ಸಿಗುತ್ತಿರಲಿಲ್ಲ. ನಾಟಕದವರು ಅದಕ್ಕೇ ಹುಡುಕಿಕೊಂಡು ಬರುತ್ತಿದ್ದರು. "ಇದನ್ನ ಹೇಗೆ ಮಾಡ್ತೀರಿ?" ಎಂದು ಕೇಳಿದರೆ ಕಿರೀಟಿ ಗಂಭೀರವಾಗಿ, "ಅದು ಕೂತು ಮಾಡೋ ಕೆಲಸ ಸ್ವಾಮಿ, ನಿಂತು ಆಗೋದಲ್ಲ," ಎನ್ನುತ್ತಿದ್ದ. ಗುಂಡಿಯೂ ತಲೆಯಾಡಿಸುತ್ತಿದ್ದ. ಗೆಳೆಯ ಎಷ್ಟು ಕಷ್ಟಪಡುತ್ತಾನೆ ಪಾಪ!

ಇರಲಿ. ಶನಿವಾರ ಬೆಳಿಗ್ಗೆಗೆ ಬರೋಣ.

ಗುಂಡಿ ಒಂದು ತಿಂಗಳ ನಂತರ ಟೋಪಿಗಳ ಕಪಾಟು ತೆರೆದ. ಕಿರೀಟಿಯ ವಾಸನೆ ಮುಖಕ್ಕೆ ಬಡಿಯಿತು. ಕರ್ಪೂರದ ಗುಳಿಗೆ, ಉಣ್ಣೆ, ಹಳೆಯ ಬೆವರು. ಸ್ವಲ್ಪ ಹೊತ್ತು ಕಪಾಟಿನ ಬಾಗಿಲು ಹಿಡಿದು ನಿಂತ. ಆಮೇಲೆ ಕೌಬಾಯ್ ಟೋಪಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿಟ್ಟು, ಕನ್ನಡಕ ಏರಿಸಿ, ಬಟ್ಟೆಯವನ ಕಣ್ಣಿನಿಂದ ನೋಡಿದ.

ನೋಡಿ ಬೆಚ್ಚಿಬಿದ್ದ!

"ಅಯ್ಯಯ್ಯೋ! ಲೇ, ಇಲ್ಲಿ ನೋಡೇ! ಒಂದೂ ಬಿಡದೆ ಎಲ್ಲಾ ಮಡಿಕೆ ಬಿದ್ದಿವೆ! ಒಂದು ತಿಂಗಳು ಮುಚ್ಚಿಟ್ಟಿದ್ದಕ್ಕೆ ಈ ಗತಿ!"

ಓದುಗರು ನಗಬಾರದು. ಕುತ್ತಿಗೆಯಿಂದ ಕೆಳಗೆ ಬದುಕು ಸವೆಸಿದ ಮನುಷ್ಯನಿಗೆ ಮಡಿಕೆ ಎಂದರೆ ಒಂದೇ ಅರ್ಥ. ಮಡಿಕೆ ಶತ್ರು. ಮಡಿಕೆ ಕಂಡಲ್ಲಿ ಇಸ್ತ್ರಿ ಹಾಕು. ದಿನಾ ಕಣ್ಣೆದುರಿಗಿದ್ದ ಟೋಪಿಯ ನೆತ್ತಿ ಹೇಗಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಲ್ಲಿಯವರೆಗೆ ಅವನು ಅದನ್ನು ಕಿರೀಟಿಯ ತಲೆಯ ಮೇಲೆ ನೋಡಿದ್ದ, ಗೂಟದ ಮೇಲೆ ನೋಡಿದ್ದ. ಇಸ್ತ್ರಿ ಮೇಜಿನ ಮೇಲೆ ನೋಡಿರಲಿಲ್ಲ. ಆ ಮೇಜಿನ ಮೇಲೆ ಇಟ್ಟರೆ ಅವನಿಗೆ ಸ್ವಂತ ಹೆಂಡತಿಯ ಹಣೆಯ ಗೆರೆಗಳೂ ತಪ್ಪಾಗಿ ಕಾಣುತ್ತಿದ್ದವು!

ಇಸ್ತ್ರಿ ಹಾಕಲು ಒಳಗೆ ಗಟ್ಟಿ ಆಧಾರ ಬೇಕು. ಮೇಲೆ ಹೋಗಿ ಅಡುಗೆಮನೆಯಿಂದ ಸ್ಟೀಲಿನ ಹಾಲಿನ ಪಾತ್ರೆ ಎತ್ತಿಕೊಂಡು ಬಂದ. ಟೋಪಿಯನ್ನು ಪಾತ್ರೆಗೆ ತೊಡಿಸಲು ನೋಡಿದ. ಬಿಗಿಯಾಯಿತು. ಎಳೆದ. ಮತ್ತೂ ಎಳೆದ. ಕೂತಿತು! ಮೇಲೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಯನ್ನು ಒತ್ತಿದ. ಬುಸ್ಸೆಂದು ಆವಿ ಎದ್ದಿತು. ಏಣು ಕರಗಿತು, ತಗ್ಗು ಉಬ್ಬಿತು, ನೆತ್ತಿ ಬೋಳುಗುಡ್ಡದಂತೆ ನುಣ್ಣಗಾಯಿತು. ಬಾಗಿದ್ದ ಅಂಚನ್ನೂ ಬಿಡಲಿಲ್ಲ. ತಟ್ಟೆಯಂತೆ ಸಮ ಮಾಡಿದ. ಹೀಗೆ ಮಾಡಿದ್ದು ಮತ್ತೆ ಕುಸಿಯಬಾರದೆಂದು ಗಂಜಿಯನ್ನೂ ಹಾಕಿದ! ಗಂಜಿ ಒಣಗಿದ ಮೇಲೆ ಟೋಪಿಯನ್ನು ಬೆರಳಿಂದ ತಟ್ಟಿದರೆ ಟಣ್ ಟಣ್ ಎನ್ನುತ್ತಿತ್ತು.

ಒಂದಾದ ಮೇಲೆ ಒಂದು. ಇಡೀ ಸಾಲು ಮುಗಿಯಿತು. ಬೆವರು ಒರೆಸಿಕೊಂಡು ತಿರುಗಿದರೆ, ಗೂಟದ ಮೇಲೆ ಕಿರೀಟಿಯ ಟೋಪಿ.

ಅತ್ತಿಗೆ ಬರುತ್ತಾಳೆ. ಅವಳ ಕೈಗೆ ಧೂಳು ಹಿಡಿದ, ಮುದುಡಿದ ಟೋಪಿ ಕೊಡುವುದೇ? ಬದುಕಿದ್ದಾಗ ಅವನಿಗೆ ಒಂದು ಲೋಟ ಟೀ ಕೂಡ ಮಾಡಿ ಕೊಟ್ಟವನಲ್ಲ ತಾನು. ಈಗಲಾದರೂ ಒಂದು ಸೇವೆ. ಗುಂಡಿ ಅದನ್ನು ಎರಡೂ ಕೈಯಿಂದ ಇಳಿಸಿದ. ಮೃದುವಾದ ಬ್ರಷ್‌ನಿಂದ ಧೂಳು ತೆಗೆದ. ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯಿಂದ, ಎಲ್ಲಕ್ಕಿಂತ ಹೆಚ್ಚು ಹೊತ್ತು, ಒಂದೇ ಒಂದು ಗೆರೆ ಉಳಿಯದಂತೆ ಇಸ್ತ್ರಿ ಮಾಡಿ, ಗಂಜಿ ಹಾಕಿ ಒಣಗಿಸಿದ. ಗೂಟಕ್ಕೆ ಮರಳಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಮೆಚ್ಚುಗೆಯಿಂದ ತಲೆಯೆತ್ತಿದ.

ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.

ಗೂಟದ ಮೇಲಿದ್ದದ್ದು ಯಾರದೋ ಟೋಪಿ. ನುಣ್ಣಗೆ, ದುಂಡಗೆ, ಯಾವ ಗುರುತೂ ಇಲ್ಲದ, ಯಾವ ಅಂಗಡಿಯಲ್ಲಾದರೂ ಸಿಗುವ ಒಂದು ಟೋಪಿ. ಒಂದು ತಿಂಗಳಿಂದ ಆ ಗೂಟದ ಕಡೆ ನೋಡಿದರೆ ಸಾಕು, ಅದರ ಕೆಳಗೆ ಒಂದು ಮುಖ, ಒಂದು ಮೀಸೆ, ಒಂದು ನಗು ತಾನಾಗಿ ಬಂದು ನಿಲ್ಲುತ್ತಿತ್ತು. ಈಗ ಕೆಳಗೆ ಬರೀ ಗೋಡೆ!

ಆಗ ಹೆಂಡತಿ ಗಡಿ ದಾಟಿ ಕೆಳಗಿಳಿದು ಬಂದಳು.

"ರೀ, ಹಾಲಿನ ಪಾತ್ರೆ ಕಾಣ್ತಿಲ್ಲ, ನೀವೇನಾದ್ರೂ..." ಎನ್ನುತ್ತಾ ಬಂದವಳು ಗೂಟ ನೋಡಿದಳು, ಮೇಜು ನೋಡಿದಳು, ಟೋಪಿಗಳ ನಡುವೆ ಕೂತ ಹಾಲಿನ ಪಾತ್ರೆ ನೋಡಿದಳು. ಬಾಯಿ ತೆರೆದದ್ದು ತೆರೆದಂತೇ ಉಳಿಯಿತು. ಮದುವೆಯಾದ ಮೇಲೆ ಇದೇ ಮೊದಲು!

"ಏನೇ? ಮಾತಾಡು!"

"ಇವೇನ್ರೀ? ಅಣಬೆ ಬೇಸಾಯ ಶುರು ಮಾಡಿದ್ರಾ?"

"ಮಡಿಕೆ ಬಿದ್ದಿತ್ತು ಕಣೇ..."

"ಅದು ಮಡಿಕೆ ಅಲ್ಲಾರೀ! ಅದೇ ಟೋಪಿ! ಮಡಿಕೆ ತೆಗೆದ್ರೆ ಉಳಿಯೋದು ಪಾತ್ರೆ!" ಅವಳು ಗೂಟದ ಕಡೆ ಕೈ ತೋರಿಸಿದಳು. "ಇದನ್ನೂ ಮಾಡಿದ್ರಾ? ಅಣ್ಣನ ಟೋಪಿನೂ? ಅಕ್ಕ ಬಂದ್ರೆ ಏನು ಹೇಳ್ತೀರಾ?"

"ಊರಲ್ಲಿಲ್ಲ ಅಂತ ಹೇಳಿಬಿಡು."

"ಯಾರು? ಟೋಪಿನಾ?"

ಗುಂಡಿ ಓಡಿಹೋಗಿ ಟೋಪಿಯನ್ನು ಇಳಿಸಿ, ಬೆರಳುಗಳಿಂದ ಒತ್ತಿ ಆ ಎರಡು ತಗ್ಗುಗಳನ್ನು ಮರಳಿ ತರಲು ನೋಡಿದ. ಗಂಜಿ ಬಿಡಲಿಲ್ಲ. ಮುಷ್ಟಿಯಿಂದ ಗುದ್ದಿದ. ಟಣ್! ಲಟ್ಟಣಿಗೆ ತಂದ. ಮಗುಚುವ ಕೈ ತಂದ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಿತು. ಕಿರೀಟಿಯ ಆ ಗುರುತು ಎಲ್ಲಿ, ಇವನು ಮಾಡಿದ ಗಾಯ ಎಲ್ಲಿ!

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ವಿಮಾ ಕಚೇರಿಯ ಮ್ಯಾನೇಜರರು ಇಳಿದರು. ಹಿಂದೆಯೇ ಅವರ ಕ್ಯಾಷಿಯರ್. ನಾಟಕದಲ್ಲಿ ಡಕಾಯಿತರ ನಾಯಕನ ಪಾತ್ರ ಈತನದು. ಆ ಪಾತ್ರ ಸಿಕ್ಕಿದಾಗಿನಿಂದ ಕಚೇರಿಯಲ್ಲೂ ಕಣ್ಣು ಕಿರಿದು ಮಾಡಿಯೇ ಮಾತಾಡುತ್ತಿದ್ದನಂತೆ.

"ನಮ್ಮ ಟೋಪಿ ರೆಡೀನಾ ಗುಂಡಿಯವರೇ?"

ಗುಂಡಿ ಮೇಜಿಗೆ ಅಡ್ಡ ನಿಂತ. "ರೆಡಿ ಅಂದ್ರೆ... ಈ ಸಲ ಸ್ವಲ್ಪ ಹೊಸ ಶೈಲಿ..."

ಕ್ಯಾಷಿಯರ್ ಕೈ ಚಾಚಿ ಒಂದು ಟೋಪಿ ಎತ್ತಿ ವೀರಾವೇಶದಿಂದ ತಲೆಗೆ ಹಾಕಿಕೊಂಡ. ಹಾಲಿನ ಪಾತ್ರೆಯ ಅಳತೆಗೆ ಹಿಗ್ಗಿದ ಟೋಪಿ ತಲೆಯಲ್ಲಿ ನಿಲ್ಲಲಿಲ್ಲ. ಹಣೆ ದಾಟಿತು, ಕಣ್ಣು ದಾಟಿತು, ಮೂಗಿನ ಮೇಲೆ ತಂಗಿತು.

"ಸರ್!" ಒಳಗಿನಿಂದ ಧ್ವನಿ ಬಂತು. "ಕರೆಂಟ್ ಹೋಯ್ತು ಸರ್!"

ಮ್ಯಾನೇಜರರ ಮುಖ ಬಿಳಿಚಿತು. "ಏನ್ರೀ ಇದು? ಬ್ಯಾಂಕ್ ದರೋಡೆ ಮಾಡಕ್ಕೆ ಬರೋ ಡಕಾಯಿತನಿಗೆ ಬ್ಯಾಂಕೇ ಕಾಣದಿದ್ರೆ ಹೇಗ್ರೀ? ಪರದೆ ಏಳೋಕೆ ಎಷ್ಟು ಹೊತ್ತಿದೆ ಗೊತ್ತಾ? ನಮ್ಮ ದೊಡ್ಡ ಸಾಹೇಬರು ಬರ್ತಿದ್ದಾರೆ!"

"ಬೇರೆ ಕೊಡ್ತೀನಿ ಸ್ವಾಮಿ, ಕಪಾಟು ತುಂಬ ಇದೆ!" ಗೆಳೆಯನ ಟೋಪಿ ಕೈಯಲ್ಲಿದ್ದಂತೆಯೇ ಗುಂಡಿ ಕಪಾಟಿನೊಳಗೆ ನುಗ್ಗಿದ. ಜರಿಯ ಪೇಟ ಹೊರಬಂತು. ಕ್ಯಾಷಿಯರ್ ತಲೆಗೇರಿತು.

"ಇವನು ದರೋಡೆಗೆ ಬಂದನೋ, ಹೆಣ್ಣು ನೋಡೋಕೆ ಬಂದನೋ?" ಎಂದರು ಮ್ಯಾನೇಜರ್.

ಪೇಟ ಇಳಿಯಿತು, ಗೊಂಡೆಯ ಕೆಂಪು ಟೋಪಿ ಏರಿತು. ಕ್ಯಾಷಿಯರ್ ಕಣ್ಣು ಕಿರಿದು ಮಾಡಿ ತಲೆ ಕೊಡವಿದಾಗ ಗೊಂಡೆ ಅವನ ಬಾಯಿಗೇ ಬಂತು. ತುಪ್ಪಳದ ಟೋಪಿಗೆ ಸೀನು ಬಂತು. ಕೊನೆಗೆ ಗಾಬರಿಯಲ್ಲಿ ಗುಂಡಿ ನ್ಯಾಯಾಧೀಶರ ಬಿಳಿ ಕೂದಲನ್ನೇ ತೊಡಿಸಿಬಿಟ್ಟ.

"ಪಿಸ್ತೂಲು ಹಿಡಿದ ಜಡ್ಜು!" ಮ್ಯಾನೇಜರರು ಕುರ್ಚಿ ಹುಡುಕುತ್ತಾ ಹಿಂದೆ ಸರಿದರು. "ಯಾರಾದ್ರೂ ನೀರು ಕೊಡಿ... ಕಿರೀಟಿಯವರು ಇದ್ದಿದ್ರೆ..."

ಆ ಹೆಸರು ಕೇಳಿದ್ದೇ ಗುಂಡಿಯ ಕೈ ನಿಂತಿತು. ಒಂದು ಕೈಯಲ್ಲಿ ಕಿರೀಟ, ಇನ್ನೊಂದರಲ್ಲಿ ಗೆಳೆಯನ ಗಾಯಗೊಂಡ ಟೋಪಿ. ಅದೇ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಕಿರೀಟಿಯ ಹೆಂಡತಿ ನಿಂತಿದ್ದಳು. ಕಂಕುಳಲ್ಲಿ ಒಂದು ಮೆತ್ತನೆಯ ಬಟ್ಟೆಯ ಚೀಲ. ಟೋಪಿ ಒಯ್ಯಲೆಂದೇ ತಂದದ್ದು.

ಅವಳ ಕಣ್ಣು ಮೊದಲು ಹೋದದ್ದು ಗೂಟದ ಕಡೆ. ಅದು ಖಾಲಿ.

"ಗುಂಡಿಯಣ್ಣ, ಅವರ ಟೋಪಿ?"

ಸುಳ್ಳು ಹೇಳಲು ಬೇಕಾದ ನಾಲಿಗೆಯೂ ಕುತ್ತಿಗೆಯಿಂದ ಮೇಲಿನದೇ. ಅದು ಕೈಕೊಟ್ಟಿತು. ಗುಂಡಿ ಸುಮ್ಮನೆ ಕೈ ಮುಂದೆ ಚಾಚಿದ. ಅವಳು ಟೋಪಿಯನ್ನು ತೆಗೆದುಕೊಂಡಳು. ತಿರುಗಿಸಿದಳು. ಬೆರಳಿನಿಂದ ನೆತ್ತಿ ಸವರಿದಳು. ಆ ಎರಡು ತಗ್ಗುಗಳಿರಬೇಕಾದ ಜಾಗದಲ್ಲಿ ಅವಳ ಬೆರಳು ತಡೆಯಿಲ್ಲದೆ ಜಾರಿತು. ಕ್ಯಾಷಿಯರ್ ಬಿಳಿ ಕೂದಲನ್ನು ಮೆಲ್ಲಗೆ ತೆಗೆದು ಎದೆಗೆ ಹಿಡಿದುಕೊಂಡ.

"ಇಸ್ತ್ರಿ ಮಾಡಿದ್ರಾ?" ಎಂದಳು.

"ಮಡಿಕೆ ಅಂದ್ಕೊಂಡೆ ಅತ್ತಿಗೆ." ಎಂದ ಗುಂಡಿ. "ಚೆನ್ನಾಗಿ ಕಾಣ್ಲಿ ಅಂತ... ಅದು ಅವನ ಕೈಗುರುತು. ಅವನು ಕೂತು ಮಾಡಿದ್ದು. ನಾನು ಒಂದೇ ಬೆಳಿಗ್ಗೆಯಲ್ಲಿ ಅಳಿಸಿಬಿಟ್ಟೆ. ಒಂದೂ ಉಳಿಸಲಿಲ್ಲ."

ಅವಳು ಟೋಪಿ ನೋಡಿದಳು. ಗುಂಡಿಯನ್ನು ನೋಡಿದಳು. ಅತ್ತುಬಿಡುತ್ತಾಳೆಂದು ಗುಂಡಿಯ ಹೆಂಡತಿ ಹಿಡಿದುಕೊಳ್ಳಲು ಮುಂದೆ ಬಂದಳು. ಆದರೆ ಕಿರೀಟಿಯ ಹೆಂಡತಿ ಅಳಲಿಲ್ಲ.

ನಕ್ಕಳು! ಸಣ್ಣಗೆ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವಷ್ಟಾಯಿತು. ಒಂದು ತಿಂಗಳಿಂದ ಮುಚ್ಚಿಟ್ಟಿದ್ದ ಬಾಗಿಲೊಂದು ಒಮ್ಮೆಲೇ ತೆರೆದಂತೆ. ಗುಂಡಿಗೆ ಇದು ಬೆಳಗಿನಿಂದ ಬಿದ್ದ ಎಲ್ಲ ಏಟುಗಳಿಗಿಂತ ದೊಡ್ಡದು.

"ಅವರು ಕೂತು ಮಾಡಿದ್ದಾ? ಅವರಾ?" ಕಣ್ಣೊರೆಸಿಕೊಂಡು ಮೂಲೆಯ ಸ್ಟೂಲಿನ ಕಡೆ ನಡೆದಳು. "ಇಷ್ಟು ವರ್ಷ ಇದರ ಮೇಲೆ ಕೂತಿದ್ದು ಯಾರು?"

"ನಾನು," ಎಂದ ಗುಂಡಿ, ಏನೂ ಅರ್ಥವಾಗದೆ. "ಟೀ ಕುಡಿಯೋಕೆ."

ಅವಳು ಝಾಲರಿ ಹೊದಿಕೆಯನ್ನು ಎತ್ತಿದಳು. ಆ ಹೊದಿಕೆಯನ್ನು ಹೊಲಿದವನು ಗುಂಡಿಯೇ. "ನೆಲ ಮುಟ್ಟೋ ಹಾಗೆ ಹೊಲಿ, ಚಂದ ಕಾಣುತ್ತೆ," ಎಂದು ಕಿರೀಟಿ ಹೇಳಿ ಹೊಲಿಸಿದ್ದ. ಅದರ ಕೆಳಗೆ ಏನಿದೆಯೆಂದು ಇವನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಈಗ ನೋಡಿದ.

ಸ್ಟೂಲಿನ ನಡುವೆ ದುಂಡಗೆ ಕೊರೆದ ತೂತು. ಅದರ ಕೆಳಗೆ ಅಂಚು ಆನಿಸಲು ಒಂದು ಹಲಗೆ. ಟೋಪಿಯೊಂದನ್ನು ಕೆಳಗಿನಿಂದ ತೂರಿಸಿದರೆ ಅಂಚು ಹಲಗೆಯ ಮೇಲೆ ನಿಲ್ಲುತ್ತದೆ, ನೆತ್ತಿ ಮಾತ್ರ ಮೇಲೆ ಬರುತ್ತದೆ. ಅದರ ಮೇಲೆ ಒಂದು ತೆಳು ದಿಂಬು. ದಿಂಬಿನ ಮೇಲೆ...

ಗುಂಡಿಯ ಕೈ ತಾನಾಗಿ ಹಿಂದಕ್ಕೆ ಹೋಗಿ ತನ್ನ ಷರಾಯಿಯನ್ನು ಸವರಿತು. ಅಕ್ಕಪಕ್ಕ ಎರಡು. ನಡುವೆ ಒಂದು.

"ಅಯ್ಯೋ ದೇವರೇ!" ಎಂದಳು ಗುಂಡಿಯ ಹೆಂಡತಿ.

"ಮೊದಲನೇ ಸಲ ನೀವು ಅವರ ಹೊಸ ಟೋಪಿ ಮೇಲೆ ನೋಡದೆ ಕೂತುಬಿಟ್ಟಿದ್ರಂತೆ," ಕಿರೀಟಿಯ ಹೆಂಡತಿ ಹೇಳುತ್ತಾ ಹೋದಳು. "ನಿಮಗೆ ಗೊತ್ತಾಗ್ಲೇ ಇಲ್ವಂತೆ. ಎದ್ದು ಹೋದ್ರಂತೆ. ಇವರು ಜಗಳ ಆಡೋಣ ಅಂತ ಟೋಪಿ ಎತ್ತಿಕೊಂಡ್ರೆ, ಅದು ಎಷ್ಟು ಚೆನ್ನಾಗಿತ್ತು ಅಂದ್ರೆ! ಆವತ್ತೇ ಆಚಾರಿಯನ್ನ ಕರೆಸಿ ಸ್ಟೂಲು ಕೊರೆಸಿದ್ರು. ದಿನಾ ಬೆಳಿಗ್ಗೆ ಕೆಟಲ್ ಆವಿಗೆ ಒಂದು ಟೋಪಿ ಹಿಡಿದು, ಮೆತ್ತಗೆ ಮಾಡಿ, ಅದರೊಳಗಿಟ್ಟು, ನಿಮಗೆ ಟೀ ಕೊಡೋರು. ಮನೆಗೆ ಬಂದು ನನಗೆ ಹೇಳಿ ಹೇಳಿ ನಗೋರು."

"ಬೆಚ್ಚಗಿರ್ತಿತ್ತಲ್ಲ..." ಗುಂಡಿ ಗೋಡೆ ಹಿಡಿದುಕೊಂಡ. "ಅದು... ಪ್ರೀತಿ ಅಲ್ವಾ?"

"ಆವಿ," ಎಂದಳು ಅವನ ಹೆಂಡತಿ.

"ನನಗೆ ಯಾಕೆ ಹೇಳ್ಲಿಲ್ಲ?"

"ನಾನೂ ಕೇಳಿದ್ದೆ. ಹೇಳಿದ್ರೆ ಅವನು ಜವಾಬ್ದಾರಿಯಿಂದ ಕೂರ್ತಾನೆ, ಬೆನ್ನು ನೆಟ್ಟಗೆ ಮಾಡ್ತಾನೆ, ಟೋಪಿ ಸೊಟ್ಟಗಾಗುತ್ತೆ ಅಂದ್ರು. ನೆಮ್ಮದಿಯಾಗಿ ಕೂತ್ರೇ ಆ ಗುರುತು ಬರೋದು ಅಂದ್ರು."

ಇಷ್ಟು ವರ್ಷ ಪ್ರತಿ ನಾಟಕದಲ್ಲಿ, ಪ್ರತಿ ಕೌಬಾಯ್‌ನ ತಲೆಯ ಮೇಲೆ, ಚಪ್ಪಾಳೆಯ ನಡುವೆ ಮೆರೆದದ್ದು ಏನೆಂದು ಈಗ ಎಲ್ಲರಿಗೂ ಅರ್ಥವಾಯಿತು. ಕ್ಯಾಷಿಯರ್ ಹೋದ ವರ್ಷದ ನಾಟಕದಲ್ಲೂ ಅದನ್ನು ತೊಟ್ಟಿದ್ದ. ಮೆಲ್ಲಗೆ ತನ್ನ ನೆತ್ತಿ ಒರೆಸಿಕೊಂಡ.

ಮ್ಯಾನೇಜರರು ಮೊದಲು ಚೇತರಿಸಿಕೊಂಡರು. "ಕೂರೋದು ತಾನೇ? ಅದರಲ್ಲಿ ನಮ್ಮ ಕಚೇರಿಯನ್ನ ಮೀರಿಸೋರಿಲ್ಲ. ನಾನೇ ಕೂರ್ತೀನಿ, ಬಿಡಿ!" ಕೆಟಲ್ ಕುದಿಯಿತು. ಒಂದು ಟೋಪಿ ಆವಿಯಲ್ಲಿ ಗಂಜಿ ಬಿಟ್ಟು ಮೆತ್ತಗಾಯಿತು. ಮ್ಯಾನೇಜರರು ಕುಳಿತು, ಎದ್ದರು. ನೆತ್ತಿ ಚಪಾತಿಯಂತೆ ಚಪ್ಪಟೆಯಾಗಿತ್ತು. ಕ್ಯಾಷಿಯರ್ ಕುಳಿತ. ಏನೂ ಆಗಲೇ ಇಲ್ಲ. ಅವನಲ್ಲಿ ಒತ್ತುವಂಥದ್ದು ಏನೂ ಇರಲಿಲ್ಲ.

ಎಲ್ಲರೂ ಗುಂಡಿಯ ಕಡೆ ತಿರುಗಿದರು. ಅವನು ಎಷ್ಟು ಸಾಧ್ಯವೋ ಅಷ್ಟು ಗೋಡೆಗೆ ಅಂಟಿ ನಿಂತಿದ್ದ.

"ನನ್ನಿಂದಾಗಲ್ಲ. ಈಗ ಗೊತ್ತಾಗಿಬಿಟ್ಟಿದೆಯಲ್ಲ!"

"ಬನ್ನಿ ಗುಂಡಿಯಣ್ಣ," ಎಂದಳು ಕಿರೀಟಿಯ ಹೆಂಡತಿ. "ಟೀ ಮಾಡ್ತೀನಿ. ಕೂತ್ಕೊಳ್ಳಿ."

ಮೊದಲನೆಯದು ಸೊಟ್ಟಗಾಯಿತು. ಕಿರೀಟಿ ಹೇಳಿದ್ದು ನಿಜ, ಅವನು ಜವಾಬ್ದಾರಿಯಿಂದ ಕೂತಿದ್ದ. ಎರಡನೆಯದಕ್ಕೆ ಹೆಂಡತಿ ಹಾಲಿನ ಪಾತ್ರೆಯ ವಿಷಯ ಎತ್ತಿ ಬಯ್ಯತೊಡಗಿದಳು. ಮದುವೆಯಾದ ದಿನದಿಂದ ಬಯ್ಗುಳಕ್ಕೆ ಒಗ್ಗಿದ ದೇಹ ತಾನಾಗಿ ಸಡಿಲವಾಯಿತು. ಎದ್ದು ನೋಡಿದರೆ ಅದೇ ಗುರುತು! ಅಲ್ಲಿಂದ ಕೆಲಸ ಸಾಲುಗಟ್ಟಿ ಸಾಗಿತು. ಒಂದು ಟೋಪಿ, ಒಂದು ಟೀ, ಒಂದು ಬಯ್ಗುಳ. ಹಿಗ್ಗಿದ ಟೋಪಿಗಳ ಒಳಗೆ ಗುಂಡಿ ಬಟ್ಟೆಯ ಪಟ್ಟಿ ಹೊಲಿದು ಬಿಗಿ ಮಾಡಿದ. ಪರದೆ ಏಳುವ ಮೊದಲೇ ಡಕಾಯಿತರಿಗೆಲ್ಲ ಕಣ್ಣು ಕಾಣುವಂಥ ಟೋಪಿಗಳು ಕಾರು ಹತ್ತಿದವು.

ಕೊನೆಗೆ ಉಳಿದದ್ದು ಒಂದು. ಮಣ್ಣಿನ ಬಣ್ಣದ್ದು.

ಕಿರೀಟಿಯ ಹೆಂಡತಿಯೇ ಅದನ್ನು ಆವಿಗೆ ಹಿಡಿದಳು. ತಾನೇ ಸ್ಟೂಲಿನೊಳಗಿಟ್ಟು ದಿಂಬು ಹಾಸಿದಳು. ಕೈಗೆ ಲೋಟ ಕೊಟ್ಟು, "ಟೀ ಮುಗಿಯೋವರೆಗೂ ಏಳಕೂಡದು," ಎಂದಳು.

ಗುಂಡಿ ಕುಳಿತ. ಸ್ಟೂಲು ಬೆಚ್ಚಗಿತ್ತು.

ಅವನು ಯಾವ ಜವಾಬ್ದಾರಿಯನ್ನೂ ನೆನೆಯಲಿಲ್ಲ. ಹೆಂಡತಿ ಬಯ್ಯಬೇಕಾಗಿಯೂ ಬರಲಿಲ್ಲ. ಬೆನ್ನು ತಾನಾಗಿ ಬಾಗಿತು. ಎದುರಿನ ಖಾಲಿ ಗೂಟವನ್ನು ನೋಡುತ್ತಾ ಗುಟುಕು ಗುಟುಕಾಗಿ ಕುಡಿದ. ಟೀ ಮುಗಿಯಿತು. ಲೋಟ ಆರಿತು. ತಿಂಗಳಿಡೀ ಎದೆಯಲ್ಲಿ ಕೂಡಿಟ್ಟದ್ದು ಗಡಿ ದಾಟಿ ಕಣ್ಣಿಗೆ ಬಂದು, ಮೂಗಿನ ತುದಿಯಿಂದ ಖಾಲಿ ಲೋಟಕ್ಕೆ ಟಪ್ ಟಪ್ ಎಂದು ಬೀಳತೊಡಗಿತು. ಇಬ್ಬರು ಹೆಂಗಸರೂ ಬೇರೆ ಬೇರೆ ಕಡೆ ನೋಡುತ್ತಾ ನಿಂತರು. ಅವನು ಏಳಲಿಲ್ಲ.

ಬಹಳ ಹೊತ್ತಾದ ಮೇಲೆ ಹೆಂಡತಿ ಮೆಟ್ಟಿಲ ಗಡಿಯಿಂದ ಗಂಟಲು ಸರಿಮಾಡಿಕೊಂಡಳು.

"ಏಳ್ರೀ ಸಾಕು. ಟೋಪಿ ಆಗಿದೆ. ಇನ್ನೂ ಕೂತ್ರೆ ಚಪ್ಪಲಿ ಆಗುತ್ತೆ, ಆಮೇಲೆ ಅದು ನಿಮ್ಮ ಖಾತೆಗೇ ಬರುತ್ತೆ!"